ಆರು ಕಿಲೋ ಎಂಟುನೂರು

ಬೆನ್ನ ಮೇಲಿನ ಚೀಲ ನಡೆಯುವವರ ತೂಕದ ಹತ್ತನೇ ಒಂದು ಪಾಲು ದಾಟಬಾರದು ಎಂದು ಪಾದಯಾತ್ರೆಯ ಸಂಘದವರು ಕೊಟ್ಟ ಹಾಳೆಯಲ್ಲಿ ಅಚ್ಚಾಗಿತ್ತು. ತಕ್ಕಡಿಯವರು ಅರವತ್ತೆಂಟು ಕಿಲೋ ಇದ್ದರು. ಹಾಗಾಗಿ ಚೀಲ ಆರು ಕಿಲೋ ಎಂಟುನೂರು. ಬೇರೆಯವರಾಗಿದ್ದರೆ ಕೈಯಲ್ಲಿ ಎತ್ತಿ ನೋಡಿ, ಸರಿ ಇದೆ ಅಂದುಕೊಂಡು ಹೊರಟುಬಿಡುತ್ತಿದ್ದರು. ಆದರೆ ಇವರು ಮೂವತ್ತೆಂಟು ವರ್ಷ ಪೇಟೆಯ ತಕ್ಕಡಿಗಳನ್ನು ರಿಪೇರಿ ಮಾಡಿಕೊಂಡು ಬಂದವರು. ಬೀದಿಯಲ್ಲಿ ಅವರ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ಎಲ್ಲರ ಬಾಯಲ್ಲೂ ಅವರು ತಕ್ಕಡಿಯವರೇ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಅದರ ಮೇಲೆ ಬಿಚ್ಚಿಟ್ಟ ತಟ್ಟೆಗಳು, ಸ್ಪ್ರಿಂಗುಗಳು, ಡಬ್ಬಿಗಳಲ್ಲಿ ಹಿತ್ತಾಳೆ ಸ್ಕ್ರೂಗಳು. ಮೂಲೆಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ.

ಆ ಮೇಜನ್ನು ಅರ್ಧ ಖಾಲಿ ಮಾಡಿ, ಚಳಿಗಾಲದ ಬಿಸಿಲು ಇರುವಷ್ಟು ಹೊತ್ತು ಅವರು ಮತ್ತು ಸೊಸೆ ಸಾಮಾನು ತೂಗುತ್ತಿದ್ದರು. ಉಣ್ಣೆಯ ಬನಿಯನ್ ಎರಡು, ನಾನೂರ ಹತ್ತು. ಕಾಲುಚೀಲ ನಾಲ್ಕು ಜೊತೆ, ಮುನ್ನೂರ ಇಪ್ಪತ್ತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಸೊಸೆ ಅರ್ಧಕ್ಕೆ ಕತ್ತರಿಸಿದ್ದಳು. ಪರದೆ ಹೊಲಿಯುವ ಅಂಗಡಿಯಲ್ಲಿ ಅವಳ ಕೆಲಸ. ಉಳಿದ ದಪ್ಪ ಬಟ್ಟೆಯಲ್ಲಿ ಚೀಲದ ಪಟ್ಟಿಗೆ ಮೆತ್ತೆ ಹೊಲಿದು, ಮಾತ್ರೆಗಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಸಣ್ಣ ಜೇಬುಗಳನ್ನೂ ಮಾಡಿದ್ದಳು. ಅವಳ ಚೀಲ ಐದು ಕಿಲೋ ಇನ್ನೂರು. ಔಷಧಿ, ಬ್ಯಾಂಡೇಜು, ಥರ್ಮಾಸು ಅವಳ ಪಾಲಿಗೆ. ಹಾಸುವ ಚಾಪೆ, ಮಳೆಕೋಟು, ಟಾರ್ಚು ಅವರ ಪಾಲಿಗೆ.

ಈ ಯಾತ್ರೆಗೆ ಕಾರಣ ಮಗ. ಅವನು ಕಟ್ಟಡದ ಕೆಲಸದಲ್ಲಿ ಕ್ರೇನ್ ನಡೆಸುತ್ತಿದ್ದ. ಎರಡು ವರ್ಷದ ಹಿಂದೆ, ಇಂಥದೇ ಚಳಿಯಲ್ಲಿ, ಒಂದು ಮಧ್ಯಾಹ್ನ ಕ್ರೇನಿನಿಂದ ಇಳಿದು ಬಂದು ಊಟದ ಡಬ್ಬಿ ತೆರೆದವನು ಹಾಗೇ ಪಕ್ಕಕ್ಕೆ ವಾಲಿದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಕಣ್ಣು ಬಿಡದೆ ಮಲಗಿದ. ನಾಲ್ಕನೆಯ ದಿನ ತಕ್ಕಡಿಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹರಕೆ ಹೊತ್ತರು: ಇವನು ಎದ್ದು ಕೂತರೆ ಸಾಕು, ಚಳಿಗಾಲದಲ್ಲೇ ಬೆಟ್ಟದ ಕ್ಷೇತ್ರಕ್ಕೆ ನಡೆದು ಬರುತ್ತೇನೆ. ಇಪ್ಪತ್ತಾರು ದಿನದ ದಾರಿ. ಬೇಸಿಗೆಯಲ್ಲಿ ಎಲ್ಲರೂ ಹೋಗುತ್ತಾರೆ. ಕಷ್ಟದ ಹೊತ್ತಿನಲ್ಲಿ ಹೋದರೆ ಕೇಳುವವನಿಗೆ ಕೇಳಿಸೀತು ಎಂದು ಆಗ ಅನ್ನಿಸಿತ್ತು.

ಮಗ ಏಳಲಿಲ್ಲ.

ಹೆಂಡತಿ ಹೋದಾಗ ತಕ್ಕಡಿಯವರು ಬಿಕ್ಕಿ ಬಿಕ್ಕಿ ಅತ್ತಿದ್ದರು. ಅದಕ್ಕೆ ಹನ್ನೊಂದು ವರ್ಷ. ಮಗ ಹೋದಾಗ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಬರುತ್ತದೆ, ಇವತ್ತಲ್ಲ ನಾಳೆ ಬರುತ್ತದೆ ಎಂದು ಜನ ಹೇಳಿದರು. ಅವರೂ ಕಾದರು. ಬೆಳಿಗ್ಗೆ ಎದ್ದು ತಕ್ಕಡಿ ಬಿಚ್ಚಿದರು, ಸಂಜೆ ಜೋಡಿಸಿದರು. ಊಟಕ್ಕೆ ಕರೆದರೆ ಉಂಡರು. ಎರಡು ವರ್ಷ ಕಳೆದ ಮೇಲೆ ಒಂದು ದಿನ, ಈ ಚಳಿಗಾಲಕ್ಕೆ ನಡೆದು ಹೋಗುತ್ತೇನೆ ಎಂದರು. ಯಾಕೆಂದು ಯಾರೂ ಕೇಳಲಿಲ್ಲ.

ಕೇಳದೆ ಬಿಡುವವರಲ್ಲ ಅವರ ಅಕ್ಕ. ಎರಡು ಬೀದಿ ಆಚೆ ಒಬ್ಬರೇ ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಬೇರೆಯವರ ಮಾತಿಗೆ ತಂತಿ ಜೋಡಿಸಿ ಜೋಡಿಸಿ, ನಿವೃತ್ತಿಯಾದ ಮೇಲೆ ತಮ್ಮ ಪಾಲಿನದನ್ನು ಬಡ್ಡಿ ಸಮೇತ ಆಡುತ್ತಿದ್ದರು. ಮಗ ಬದುಕಿದ್ದಾಗ ಅವರಿಗೆ ‘ರೇಡಿಯೋ ಅತ್ತೆ’ ಎಂದು ಹೆಸರಿಟ್ಟಿದ್ದ. ಬೀದಿಯವರು ಅದನ್ನೇ ಉಳಿಸಿಕೊಂಡಿದ್ದರು.

"ದೇವರು ತನ್ನ ಕೆಲಸ ಮಾಡ್ಲಿಲ್ಲ. ನೀನ್ಯಾಕೋ ನಿನ್ನ ಕೆಲಸ ಮಾಡೋಕೆ ಹೊರಟಿದೀಯ?" ಎಂದು ಅವರು ಬಾಗಿಲಲ್ಲಿ ನಿಂತೇ ಕೇಳಿದರು.

"ಮಾತು ಕೊಟ್ಟಿದ್ದೆ, ಅಕ್ಕ."

"ಎದ್ದು ಕೂತರೆ ಅಂತ ಕೊಟ್ಟಿದ್ದೆ. ಎದ್ದು ಕೂತನಾ?"

"ಇಲ್ಲ."

"ಮತ್ತೆ?"

ತಕ್ಕಡಿಯವರು ಒಂದು ಜೊತೆ ಲೇಸನ್ನು ತಟ್ಟೆಯಲ್ಲಿಟ್ಟು, "ಹನ್ನೆರಡು ಗ್ರಾಂ" ಎಂದರು. ಅಕ್ಕ ಸೊಸೆಯ ಮುಖ ನೋಡಿದರು. ಸೊಸೆ ತಲೆ ತಗ್ಗಿಸಿ ಹೊಲಿಯುತ್ತಿದ್ದಳು.

ಒಂದು ತೊಡಕಿತ್ತು. ತಕ್ಕಡಿಯವರಿಗೆ ಸಕ್ಕರೆ ಕಾಯಿಲೆ, ಹದಿನಾರು ವರ್ಷದ್ದು. ಅದು ಪಾದಗಳ ಸ್ಪರ್ಶವನ್ನು ತಿಂದುಹಾಕಿತ್ತು. ಚಿಕಿತ್ಸಾಲಯದಲ್ಲಿ ಕಾಲು ನೋಡುವ ನರ್ಸ್ ಅವರ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದರಿಂದ ಎರಡು ಪಾದಗಳಲ್ಲೂ ಅಲ್ಲಲ್ಲಿ ಒತ್ತಿದ್ದರು. ಹತ್ತು ಕಡೆ ಒತ್ತಿದರೆ ಮೂರು ಸಲ ಇವರು ಹೂಂ ಅಂದರು.

"ಅದರಲ್ಲೂ ಒಂದು ಸಲ ನಾನು ಮುಟ್ಟೇ ಇರ್ಲಿಲ್ಲ," ಎಂದು ನರ್ಸ್ ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: "ನಡೀಬೇಡಿ ಅನ್ನಲ್ಲ. ಆದರೆ ಗುಳ್ಳೆ ಎದ್ರೂ ನಿಮಗೆ ಗೊತ್ತಾಗಲ್ಲ, ಒಡೆದ್ರೂ ಗೊತ್ತಾಗಲ್ಲ. ದಿನಾ ಸಂಜೆ ಬೇರೆ ಒಬ್ಬರು ಬೆಳಕಲ್ಲಿ ಕೂತು ನಿಮ್ಮ ಅಂಗಾಲು ನೋಡ್ಬೇಕು. ಒಬ್ಬರೇ ಹೋಗೋದಾದ್ರೆ ಬೇಡ."

ಮನೆಗೆ ಬಂದು ಇದನ್ನು ಹೇಳಿ ಮುಗಿಸುವ ಮೊದಲೇ ಸೊಸೆ, "ನಾನು ಬರ್ತೀನಿ ಮಾವ," ಅಂದಿದ್ದಳು. ಎಲೆ ಉದುರುವ ಕಾಲದಲ್ಲಿ ಆಡಿದ ಮಾತು ಅದು. ಇಬ್ಬರೂ ಒಂದೇ ದಿನ ಹೋಗಿ ಬೂಟು ಕೊಂಡು ತಂದರು. ಹೊಸ ಬೂಟನ್ನು ಪಳಗಿಸಲು ತಕ್ಕಡಿಯವರು ದಿನವೂ ಅದನ್ನು ಹಾಕಿಕೊಂಡೇ ಪೇಟೆಗೆ ಹೋಗಿ ಬರುತ್ತಿದ್ದರು.

ಹೊರಡಲು ಎಂಟು ದಿನ ಇದ್ದಾಗ ಅವರು ಸೊಸೆಯ ಬೂಟನ್ನು ತೂಗಲು ಎತ್ತಿಕೊಂಡರು. ತಳ ನೋಡಿದರು. ಒಂದು ಕಲ್ಲಿನ ಗೀರಿಲ್ಲ, ಮಣ್ಣಿನ ಕಲೆಯಿಲ್ಲ.

"ಇದನ್ನ ಪಳಗಿಸ್ತಾ ಇಲ್ವಾ ನೀನು?"

ಸೊಸೆ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಅದನ್ನು ಮತ್ತೆ ನೇರ ಮಾಡಿ ಇಟ್ಟಳು.

"ಮಾವ, ನಾನು ಬರೋದಿಲ್ಲ."

ಅವರು ಬೂಟನ್ನು ಹಿಡಿದೇ ನಿಂತಿದ್ದರು. ಅವಳು ಒಂದೇ ಉಸಿರಿಗೆ ಹೇಳಿದಳು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಒಬ್ಬರಿದ್ದಾರೆ. ಅಂಗಡಿಗೆ ಹೋಗುವಾಗ ಬರುವಾಗ ಒಂದು ವರ್ಷದಿಂದ ಪರಿಚಯ. ಮದುವೆ ಆಗೋಣ ಅಂತ ಕೇಳಿದ್ದಾರೆ, ಒಪ್ಪಿದ್ದೇನೆ. ಅವರಿಗೆ ಬೇರೆ ಊರಿಗೆ ವರ್ಗವಾಗಿದೆ, ತಿಂಗಳ ಕೊನೆಗೆ ಹೋಗಬೇಕು.

"ವರ್ಗ ಒಂದು ನೆಪ," ಎಂದು ತಾನೇ ಸೇರಿಸಿದಳು. "ಬೇಕಿದ್ರೆ ಒಂದು ತಿಂಗಳು ತಡೆದು ಹೋಗಬಹುದಿತ್ತು. ಆದರೆ ಇಪ್ಪತ್ತಾರು ದಿನ ನಿಮ್ಮ ಮಗನ ಹೆಸರಲ್ಲಿ ನಡೆದು ಬಂದ್ರೆ, ಆಮೇಲೆ ನನ್ನ ಕೈಲಿ ಇದು ಆಗಲ್ಲ. ನಾನು ಇಲ್ಲೇ ಕೂತುಬಿಡ್ತೀನಿ. ಇದನ್ನ ನಿಮಗೆ ಹೇಗೆ ಹೇಳ್ಬೇಕೋ ತಿಳೀದೆ ಚೀಲ ಹೊಲೀತಾ ಇದ್ದೆ."

ತಕ್ಕಡಿಯವರು ಬೂಟನ್ನು ಕೆಳಗಿಟ್ಟರು. ಮೇಜಿನ ಮೇಲಿದ್ದ ಸಾಬೂನನ್ನು ತಟ್ಟೆಗೆ ಹಾಕಿದರು.

"ಅರವತ್ತು ಗ್ರಾಂ," ಎಂದರು.

ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ತಕ್ಕಡಿಯವರಿಗೆ ಅನ್ನಿಸಿತು. ಹುಡುಕಿ ನೋಡಿದರು. ಕೋಪವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಅವಳಿಗೆ ಮೂವತ್ತಮೂರು ವರ್ಷ; ಹೋಗಬೇಕಾದದ್ದೇ ನ್ಯಾಯ ಎಂದು ಬುದ್ಧಿ ಹೇಳಿತು, ಅಷ್ಟೇ. ಇನ್ನು ಔಷಧಿ, ಬ್ಯಾಂಡೇಜು, ಥರ್ಮಾಸು ತಮ್ಮ ಚೀಲಕ್ಕೇ ಬರಬೇಕು. ಎಲ್ಲ ಸೇರಿಸಿ ತೂಗಿದರು. ಎಂಟು ಕಿಲೋ ನೂರ ಐವತ್ತು. ಚಾಪೆ ತೆಗೆದರು. ಮತ್ತೆ ತೂಗಿದರು.

ಮೂರನೆಯ ದಿನ ಬೆಳಿಗ್ಗೆ ಚೀಲ ಏರಿಸಿಕೊಂಡು, ಹೊಳೆಯ ಏರಿಯ ಮೇಲೆ ಹದಿನಾಲ್ಕು ಕಿಲೋಮೀಟರ್ ನಡೆದು ನೋಡಿದರು. ಅಂಗಾಲನ್ನು ತಾವೇ ನೋಡಿಕೊಳ್ಳಬಹುದು ಎಂದು ಒಂದು ಕೈಗನ್ನಡಿಯನ್ನೂ ಇಟ್ಟುಕೊಂಡಿದ್ದರು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಉಸಿರು ಹೊಗೆಯಾಗಿ ಹೋಗುತ್ತಿತ್ತು. ನಾಲ್ಕು ಗಂಟೆ ನಡೆದರು. ದಣಿವಾಗಲಿಲ್ಲ, ಕಾಲು ನೋಯಲಿಲ್ಲ. ಪರವಾಗಿಲ್ಲವಲ್ಲ ಎಂದುಕೊಂಡೇ ಮನೆಗೆ ಬಂದು, ಮುಂದಿನ ಕೋಣೆಯ ಸ್ಟೂಲಿನ ಮೇಲೆ ಕೂತು ಬಲಗಾಲಿನ ಬೂಟು ಕಳಚಿದರು.

ಅವತ್ತು ಅಂಗಡಿಗೆ ರಜೆ. ಬಟ್ಟೆ ಮಡಿಸುತ್ತಿದ್ದ ಸೊಸೆ ಮೊದಲು ನೋಡಿದಳು. ಬೂದು ಬಣ್ಣದ ಕಾಲುಚೀಲ ಹಿಮ್ಮಡಿಯಿಂದ ಮುಂದಕ್ಕೆ ಕಪ್ಪಾಗಿ ಒದ್ದೆಯಾಗಿತ್ತು.

"ಮಾವ, ಅಲ್ಲಾಡ್ಬೇಡಿ."

ಅವಳು ನೆಲದ ಮೇಲೆ ಕೂತು ಕಾಲನ್ನು ಮಡಿಲಿಗೆ ತೆಗೆದುಕೊಂಡಳು. ಕಾಲುಚೀಲವನ್ನು ಮೆಲ್ಲಗೆ ಕತ್ತರಿಯಿಂದ ಬಿಡಿಸಿದಳು. ಅಂಗಾಲಿನ ನಡುವೆ ಒಂದು ಹಿತ್ತಾಳೆ ಸ್ಕ್ರೂ ನಿಂತಿತ್ತು. ತಲೆ ಮಾತ್ರ ಹೊರಗೆ. ಸಣ್ಣ ತಕ್ಕಡಿಯ ತಟ್ಟೆಯ ಸ್ಕ್ರೂ. ರಾತ್ರಿಯೆಲ್ಲ ಮೇಜಿನ ಕೆಳಗಿದ್ದ ಬೂಟಿನೊಳಗೆ ಯಾವಾಗಲೋ ಉದುರಿ ಬಿದ್ದಿರಬೇಕು. ನಾಲ್ಕು ಗಂಟೆ ಅದರ ಮೇಲೆ ನಡೆದಿದ್ದರು.

ತಕ್ಕಡಿಯವರು ಬಗ್ಗಿ ನೋಡಿದರು. "ಮೂರೂವರೆ ಮಿಲಿಮೀಟರಿಂದು," ಎಂದರು.

ಸೊಸೆ ಅಳಲು ಶುರು ಮಾಡಿದಳು. ಸ್ಕ್ರೂ ಕಿತ್ತಳು, ನೀರು ತಂದಳು, ತೊಳೆದಳು, ಒತ್ತಿ ಹಿಡಿದಳು. ಅಷ್ಟು ಹೊತ್ತೂ ಅಳುತ್ತಲೇ ಇದ್ದಳು. ಕೊನೆಗೆ ತಲೆಯೆತ್ತಿ ಕೇಳಿದಳು: "ನಿಮಗೆ ಏನೂ ಅನ್ನಿಸೋದೇ ಇಲ್ವಾ?"

"ಕಾಲಲ್ಲಿ ಇಲ್ಲ."

"ನಾನು ಕಾಲಿನ ಮಾತಾಡ್ತಿಲ್ಲ."

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿದರೆ ಸುಳ್ಳು ಹೇಳಲಾಗಲಿಲ್ಲ.

"ಇಲ್ಲ ಮಗೂ," ಎಂದರು. "ಅವನು ಹೋದಾಗಿಂದ ಇಲ್ಲ. ನೀನು ಹೋಗ್ತೀನಿ ಅಂದಾಗ ಏನಾದ್ರೂ ಆಗುತ್ತೇನೋ ಅಂತ ಕಾದೆ. ಆಗ್ಲಿಲ್ಲ. ಆದ ಹಾಗೆ ನಟನೆ ಮಾಡೋಣ ಅಂದ್ರೆ, ಅದೂ ನನಗೆ ಬರಲ್ಲ. ತಪ್ಪು ತಿಳ್ಕೋಬೇಡ. ನೀನು ಹೋಗೋದು ಸರಿ. ಸರಿ ಅಂತ ತಲೆಗೆ ಗೊತ್ತಿದೆ."

ಅವಳು ಮೂಗು ಒರೆಸಿಕೊಂಡಳು. "ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಯಾರು ಕೇಳಿದ್ರು? ಎಲ್ಲಾ ಧೈರ್ಯವಾಗಿದಾರೆ ಅಂದ್ಕೊಂಡ್ರು."

ಮಧ್ಯಾಹ್ನ ಚಿಕಿತ್ಸಾಲಯಕ್ಕೆ ಹೋದರು. ನರ್ಸ್ ಗಾಯ ಶುಚಿ ಮಾಡಿ, ಸೂಜಿ ಚುಚ್ಚಿ, ಹದಿನೈದು ದಿನ ನೆಲಕ್ಕೆ ಕಾಲು ಊರುವುದನ್ನೇ ಕಡಿಮೆ ಮಾಡಬೇಕು ಎಂದರು. ಒಬ್ಬರೇ ಹೋಗುವ ಮಾತೆತ್ತಿದರೆ ತಾವೇ ಬಂದು ಬೂಟನ್ನು ಕಿತ್ತುಕೊಂಡು ಹೋಗುವುದಾಗಿಯೂ ಹೇಳಿದರು. ಕೈಗನ್ನಡಿಯ ವಿಷಯ ಕೇಳಿ, "ಅದರಲ್ಲಿ ಮೀಸೆ ನೋಡ್ಕೊಳ್ಳಿ," ಅಂದರು. ಹೊರಡುವ ದಿನ ಮುಂದೆ ಹೋಯಿತು. ತಕ್ಕಡಿಯವರು ಸರಿ ಎಂದರು. ಬೇಸರವೂ ಆಗಲಿಲ್ಲ.

ಹೀಗೆ, ದಾರಿಯಲ್ಲಿರಬೇಕಾಗಿದ್ದ ದಿನ ಅವರು ಸೊಸೆಯ ಮದುವೆಯಲ್ಲಿದ್ದರು. ಅದಕ್ಕೆ ಮುಂಚೆ ಟೈಮ್‌ಕೀಪರ್ ಒಮ್ಮೆ ಮನೆಗೆ ಬಂದು ಹೋಗಿದ್ದ. ನಲವತ್ತರ ಆಸುಪಾಸು, ಅಗಲ ಕಿವಿ, ಮಾತಿಗಿಂತ ಹೆಚ್ಚಾಗಿ ಗಡಿಯಾರ ನೋಡುವ ಅಭ್ಯಾಸ. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಏನು ಮಾತಾಡಬೇಕೋ ತಿಳಿಯದೆ, "ಆ ದೊಡ್ಡ ತಕ್ಕಡಿ ಮೇಲೆ ಜನಾನೂ ನಿಲ್ಲಬಹುದಾ?" ಎಂದು ಕೇಳಿದ. ನಿಲ್ಲಿಸಿ ತೂಗಿದರು. ಎಪ್ಪತ್ತೆರಡು ಕಿಲೋ ಮುನ್ನೂರು. "ಊಟಕ್ಕೆ ಮುಂಚೆ," ಎಂದು ಅವನು ಸಂಕೋಚದಿಂದ ಹೇಳಿದ. ಕೆಟ್ಟವನಲ್ಲ ಎಂದು ತಕ್ಕಡಿಯವರಿಗೆ ತೋರಿತು.

ನೋಂದಣಿ ಕಚೇರಿಯಲ್ಲಿ ಸಾಕ್ಷಿಗಳ ಸಾಲಿನಲ್ಲಿ ಅವರ ಸರದಿ ಬಂದಾಗ ಗುಮಾಸ್ತರು ಪೆನ್ನು ಹಿಡಿದು ಕೇಳಿದರು, "ಹೆಣ್ಣಿಗೆ ನೀವೇನಾಗ್ಬೇಕು?"

"ಮಾವ."

"ಹಾಗಿದ್ರೆ ಗಂಡಿನ ತಂದೆ ಅಂತ ಬರ್ಕೊಳ್ತೀನಿ."

"ಗಂಡಿನ ತಂದೆ ಅಲ್ಲ."

"ತಾಯಿಯ ತಮ್ಮನೋ? ಸೋದರಮಾವ?"

"ಅದೂ ಅಲ್ಲ."

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಏನ್ ಸ್ವಾಮಿ, ಮಾವ ಅಂತೀರಿ, ಯಾವ ಕಡೆಯಿಂದಲೂ ಅಲ್ಲ ಅಂತೀರಿ."

"ಮೊದಲನೇ ಗಂಡನ ತಂದೆ," ಎಂದರು ತಕ್ಕಡಿಯವರು.

ರೇಡಿಯೋ ಅತ್ತೆಯ ಮಾತು ಕೂಡ ನಡುವೆಯೇ ನಿಂತಿತು. ಗುಮಾಸ್ತರು ಹಾಳೆಯ ಆ ಖಾಲಿ ಚೌಕವನ್ನು ಸ್ವಲ್ಪ ಹೊತ್ತು ನೋಡಿ, ಅದರಲ್ಲಿ ಏನೋ ಬರೆದು ಅವರ ಕಡೆ ತಿರುಗಿಸಿದರು. ‘ತಂದೆಯ ಸ್ಥಾನದಲ್ಲಿ’ ಎಂದಿತ್ತು. ತಕ್ಕಡಿಯವರು ಓದಿದರು, ಕೆಳಗೆ ಸಹಿ ಹಾಕಿದರು. ಪಕ್ಕದಲ್ಲಿ ಸೊಸೆ ಮಾತ್ರ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು, ಟೈಮ್‌ಕೀಪರ್ ಗಡಿಯಾರ ನೋಡುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ.

ಹೊರಗೆ ಬಂದ ಮೇಲೆ ಮೆಟ್ಟಿಲಿಳಿಯುತ್ತ ಅಕ್ಕ ತಮ್ಮನ ತೋಳು ಹಿಡಿದುಕೊಂಡರು.

"ಲೋ, ನಾನು ಬರ್ತೀನಿ."

"ಎಲ್ಲಿಗೆ?"

"ಬೆಟ್ಟಕ್ಕೆ. ನಿನ್ನ ಅಂಗಾಲು ನೋಡೋಕೆ ಕಣ್ಣು ತಾನೇ ಬೇಕು? ನನ್ನ ಕಣ್ಣು ಚೆನ್ನಾಗೇ ಇದೆ. ಕಾಲೂ ಇದೆ."

"ನಿನಗೆ ಅರವತ್ತೇಳು ವರ್ಷ ಅಕ್ಕ. ಇಪ್ಪತ್ತಾರು ದಿನ, ಚಳಿ."

"ದಿನಾ ಊರೆಲ್ಲ ಸುತ್ತಿ ಬರ್ತೀನಲ್ಲ, ಅದನ್ನ ನೇರವಾಗಿ ಸುತ್ತಿದ್ರೆ ಬೆಟ್ಟ ತಾನಾಗೇ ಬರುತ್ತೆ." ಎರಡು ಮೆಟ್ಟಿಲು ಇಳಿದ ಮೇಲೆ ದನಿ ತಗ್ಗಿಸಿ, "ದಾರೀಲಿ ನಾನು ಮಾತಾಡ್ತಾ ಇರ್ತೀನಿ. ನೀನು ಕೇಳ್ಬೇಕು ಅಂತೇನಿಲ್ಲ," ಎಂದರು.

ಮಾರನೆಯ ದಿನವೇ ಅಕ್ಕನ ಚೀಲ ಬಂತು. ತಕ್ಕಡಿಯ ಮೇಲಿಟ್ಟರೆ ಹನ್ನೊಂದು ಕಿಲೋ ನಾನೂರು. ಅಕ್ಕನ ತೂಕ ಐವತ್ತೊಂಬತ್ತು. ಅದನ್ನು ಬೀದಿಗೆಲ್ಲ ಸಾರಬೇಡ ಎಂದು ಮೊದಲೇ ಪ್ರಮಾಣ ಮಾಡಿಸಿಕೊಂಡಿದ್ದರು. ಹಾಗಾದರೆ ಐದು ಕಿಲೋ ಒಂಬೈನೂರು. ಒಂದೊಂದಾಗಿ ತೆಗೆದರು. ಮೂರು ಶಾಲು. ಹಿತ್ತಾಳೆ ಕೆಟಲು. ತಲೆದಿಂಬು. ಎರಡು ಗಂಟೆಗಳಿರುವ ಅಲಾರಂ ಗಡಿಯಾರ.

"ಇದ್ಯಾಕೆ?"

"ಬೆಳಿಗ್ಗೆ ಬೇಗ ಏಳೋದು ಬೇಡ್ವಾ?"

"ನೀನಿದ್ಮೇಲೆ ಇದ್ಯಾಕೆ?"

ಸೊಸೆ ಕಿಸಕ್ಕನೆ ನಕ್ಕಳು. ಅಕ್ಕ ಬಾಯಿ ತೆರೆದವರು ತೆರೆದೇ ನಿಂತರು. ಎರಡು ವರ್ಷದಿಂದ ತಮ್ಮನ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ತಕ್ಕಡಿಯವರು ಇಬ್ಬರನ್ನೂ ನೋಡಿದರು. ತಮಾಷೆ ಮಾಡಬೇಕೆಂದು ಅವರು ಹೇಳಿರಲಿಲ್ಲ. ಗಡಿಯಾರ ಐನೂರ ಎಂಬತ್ತು ಗ್ರಾಂ ಇತ್ತು, ಅಷ್ಟೇ.

ಅವತ್ತೆಲ್ಲ ಅಕ್ಕ ಒಂದು ಎಳೆದರೆ ತಮ್ಮ ಇನ್ನೊಂದು ಎಳೆದರು. ಕೊನೆಗೆ ಒಂದು ಶಾಲು ಉಳಿಯಿತು, ಕೆಟಲು ಹೋಯಿತು. ದಿಂಬಿನ ಹೊದಿಕೆ ಮಾತ್ರ ಉಳಿಸಿಕೊಂಡು, ಅದರೊಳಗೆ ಬಟ್ಟೆ ತುಂಬಿದರೆ ದಿಂಬಾಗುತ್ತದೆ ಎಂದು ಸೊಸೆ ತೋರಿಸಿಕೊಟ್ಟಳು.

ಸೊಸೆ ಊರು ಬಿಡುವ ಹಿಂದಿನ ಮಧ್ಯಾಹ್ನ ಅಕ್ಕನನ್ನು ಕೂರಿಸಿ ಕಲಿಸಿದಳು. ಮೊದಲು ಬೆರಳುಗಳ ಸಂದಿ. ಆಮೇಲೆ ಹಿಮ್ಮಡಿಯ ಅಂಚು. ಕೆಂಪಗಿದ್ದರೆ ಬೆರಳ ಹಿಂಭಾಗದಿಂದ ಮುಟ್ಟಿ ನೋಡಬೇಕು, ಬಿಸಿಯಾಗಿದ್ದರೆ ಮಾರನೆಯ ದಿನ ನಡೆಯುವಂತಿಲ್ಲ. ನೋವಿದೆಯಾ ಅಂತ ಇವರನ್ನು ಕೇಳಬಾರದು, ಕೇಳಿ ಪ್ರಯೋಜನ ಇಲ್ಲ. ಬೂಟು ಹಾಕುವ ಮುಂಚೆ ಎರಡನ್ನೂ ಕೊಡವಿ, ಕೈ ಹಾಕಿ ನೋಡಬೇಕು. ಅಕ್ಕ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಒಂದೂ ಮಾತಿಲ್ಲದೆ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಎಲ್ಲವನ್ನೂ ಕೇಳಿಸಿಕೊಂಡರು. ತಕ್ಕಡಿಯವರು ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಇಬ್ಬರು ಹೆಂಗಸರು ತಮ್ಮ ಕಾಲು ಹಿಡಿದು ಕೂತಿದ್ದಾರೆಂದು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಸೊಸೆ ಹೋದಳು. ಬಾಗಿಲಲ್ಲಿ ಅವರ ಪಾದ ಮುಟ್ಟಲು ಬಗ್ಗಿದವಳು, ಗಾಯ ನೆನಪಾಗಿ ಕೈ ಹಿಂದೆಳೆದುಕೊಂಡು, ಎದ್ದು ಅವರ ಕೋಟಿನ ಗುಂಡಿ ಹಾಕಿದಳು. "ಹೋಗಿ ಬಾ," ಎಂದರು ಅವರು. ಬಸ್ಸು ಎರಡು ನಿಮಿಷ ಮೊದಲೇ ಬಂದಿದೆ ಎಂದು ಟೈಮ್‌ಕೀಪರ್ ಅವಸರ ಮಾಡಿದ.

ಹನ್ನೊಂದು ದಿನದ ಮೇಲೆ ನರ್ಸ್ ಗಾಯ ನೋಡಿ, ಇನ್ನು ಹೊರಡಬಹುದು ಎಂದು ತಲೆಯಾಡಿಸಿದರು. ಸಂಘದವರ ಗುಂಪು ಎಂದೋ ಹೋಗಿಯಾಗಿತ್ತು. ಇನ್ನು ಅಕ್ಕ ತಮ್ಮ ಇಬ್ಬರೇ.

ಹೊರಡುವ ಬೆಳಿಗ್ಗೆ ಚೀಲ ಕೊನೆಯ ಸಲ ತಕ್ಕಡಿಯ ಮೇಲೆ ಕೂತಿತು. ಆರು ಕಿಲೋ ಏಳುನೂರ ತೊಂಬತ್ತು. ಅಕ್ಕ ಬೀದಿಯಲ್ಲಿ ನಿಂತು ಚಳಿಗೆ ಕಾಲು ಬಡಿಯುತ್ತಿದ್ದರು. ತಕ್ಕಡಿಯವರು ಬೀಗ ಕೈಯಲ್ಲಿ ಹಿಡಿದಾಗ ಒಳಗೆ ಫೋನು ಹೊಡೆದುಕೊಂಡಿತು.

"ಹೊರಟ್ರಾ ಮಾವ?" ಸೊಸೆಯ ದನಿ.

"ಹೊರಟಿದೀವಿ. ಅಲ್ಲಿ ಚಳಿ ಹೇಗಿದೆ?"

"ತುಂಬಾ ಇದೆ. ಕ್ವಾರ್ಟರ್ಸಿನ ಕಿಟಕಿ ಒಂದು ಸರಿಯಾಗಿ ಮುಚ್ಚಲ್ಲ. ಗಾಳಿ ಹೊಡೆಯುತ್ತೆ."

"ಎಲ್ಲಿಂದ?"

"ಕೆಳಗೆ. ಎಡಗಡೆ ಮೂಲೆ."

"ಸಂದಿ ಎಷ್ಟಿದೆ?"

"ಬೆರಳು ಹೋಗುತ್ತೆ."

"ಯಾವ ಬೆರಳು?"

"ಕಿರುಬೆರಳು," ಎಂದಳು, ಹೋಗಿ ಇಟ್ಟು ನೋಡಿ ಬಂದು ಹೇಳಿದಂತಿತ್ತು.

ಅವರು ಚೀಲವನ್ನು ಹೆಗಲಿಂದ ಇಳಿಸಿದರು. ಪೇಪರ್ ತುರುಕಬೇಡ, ಒದ್ದೆಯಾಗಿ ಕೊಳೆಯುತ್ತದೆ ಎಂದರು. ಹಳೆಯ ಉಣ್ಣೆ ಬಟ್ಟೆ ಇದ್ದರೆ ಎರಡು ಬೆರಳಗಲ ಕತ್ತರಿಸು, ಉದ್ದಕ್ಕೆ ಮಡಿಸಿ ಹೊಲಿ, ಚೌಕಟ್ಟಿಗೆ ಸಣ್ಣ ಮೊಳೆಯಿಂದ ಹೊಡೆ. ಮೊಳೆಯನ್ನು ಕಿಟಕಿ ಬಾಗಿಲಿನ ಮರಕ್ಕಲ್ಲ, ಚೌಕಟ್ಟಿನ ಮರಕ್ಕೆ. ಅವಳು ಒಂದೊಂದಕ್ಕೂ ಹೂಂ ಅಂದಳು. ಉಣ್ಣೆ ಬಟ್ಟೆ ಇಲ್ಲ ಎಂದಳು. ಹಾಗಾದರೆ ನಿನ್ನ ಗಂಡನ ಹಳೇ ಯೂನಿಫಾರ್ಮಿನ ಕೋಟು ಇರುತ್ತಲ್ಲ, ಅದರ ಒಳಪದರ ಕಿತ್ತುಕೋ ಎಂದರು. ಟೈಮ್‌ಕೀಪರನನ್ನು ಅವರು ‘ನಿನ್ನ ಗಂಡ’ ಎಂದದ್ದು ಅದೇ ಮೊದಲು.

"ಮಾವ."

"ಹೇಳು."

"ಏನಿಲ್ಲ. ಇಡ್ಲಾ?"

"ಇಡು. ಆ ಪಟ್ಟಿ ಇವತ್ತೇ ಹಾಕು. ನಾಳೆಗೆ ಬಿಡ್ಬೇಡ."

ಬೀಗ ಹಾಕಿ ಬರುವಷ್ಟರಲ್ಲಿ ಅಕ್ಕನ ಮೂಗು ಕೆಂಪಾಗಿತ್ತು. "ಹೆಪ್ಪುಗಟ್ಟಿಸಿ ಕೊಲ್ಲೋ ಯೋಚನೆ ಇದ್ರೆ ಮೊದಲೇ ಹೇಳು, ಮನೇಲೇ ಬೆಚ್ಚಗೆ ಸಾಯ್ತಿದ್ದೆ," ಎಂದು ಶುರು ಮಾಡಿದವರು, ಪಕ್ಕದ ಬೀದಿಯ ಬೇಕರಿಯವಳ ಮಗಳ ಕಥೆಗೆ ಹೊರಳಿದರು. ತಕ್ಕಡಿಯವರು ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ರಸ್ತೆ ಬಿಳಿಚಿಕೊಂಡಿತ್ತು, ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಪೋಸ್ಟ್ ಆಫೀಸು ದಾಟಿ ಊರಾಚೆಯ ರಸ್ತೆ ಸಿಗುವವರೆಗೂ ಅವರು ಆ ಕಿಟಕಿಯ ಬಗ್ಗೆಯೇ ಯೋಚಿಸುತ್ತಿದ್ದರು. ಚೌಕಟ್ಟು ಮರದ್ದೋ ಕಬ್ಬಿಣದ್ದೋ ಕೇಳಲೇ ಇಲ್ಲವಲ್ಲ ಎಂದುಕೊಂಡರು. ಕಬ್ಬಿಣದ್ದಾದರೆ ಮೊಳೆ ಹೋಗುವುದಿಲ್ಲ.